ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರ ಆಡಳಿತಾಧಿಕಾರ ಮತ್ತು ದುಡಿಮೆಯ ಹಕ್ಕುಗಳು

ಅಮೆರಿಕ ಸಂಯುಕ್ತ ಸಂಸ್ಥಾನದ ಪಶ್ಚಿಮ ತೀರದಲ್ಲಿರುವ ಕ್ಯಾಲಿಫೋರ್ನಿಯ ರಾಜ್ಯವು ತನ್ನ ಪ್ರಜೆಗಳಿಗಾಗಿ ಸ್ಥಾಪಿಸಿ, ಇಂದು ಬರ್ಕ್ಲಿ, ಲಾಸ್ ಏಂಜಲೀಸ್, ಸಾಂಟಾ ಕ್ರೂಜ್ ಮೊದಲಾದ ಹತ್ತು ಆವರಣಗಳಲ್ಲಿ ಹಬ್ಬಿರುವ ಈ ವಿಶ್ವವಿದ್ಯಾನಿಲಯದಲ್ಲಿ, ಅಧ್ಯಾಪಕನು ಸಂಸ್ಥೆಯ ಅಂಗವೋ ಅಥವಾ ಅದರ ನೌಕರನೋ ಎಂಬ ಪ್ರಶ್ನೆಯು ಒಂದು ಶತಮಾನಕ್ಕೂ ಮಿಗಿಲಾಗಿ ಇತ್ಯರ್ಥವಾಗದೆ ಉಳಿದು ಬಂದಿದೆ. 1868ರ ಸ್ಥಾಪನಾ ಶಾಸನವು ನಮ್ಮ ಸಿಂಡಿಕೇಟನ್ನು ಹೋಲುವ ರೀಜೆಂಟರ ಮಂಡಲಿಯನ್ನೂ ಅಧ್ಯಾಪಕರ ಸಭೆಯಾದ ಅಕೆಡಮಿಕ್ ಸೆನೆಟ್ಟನ್ನೂ ಏಕಕಾಲದಲ್ಲಿ ನಿರ್ಮಿಸಿದುದರಿಂದ ಈ ಪ್ರಶ್ನೆಯು ಸಂಸ್ಥೆಯೊಂದಿಗೇ ಜನ್ಮ ತಾಳಿತೆನ್ನಬೇಕು. 1879ರ ರಾಜ್ಯ ಸಂವಿಧಾನವು ವಿಶ್ವವಿದ್ಯಾನಿಲಯವನ್ನು ಶಾಸನಸಭೆಯ ದಿನನಿತ್ಯದ ಹಸ್ತಕ್ಷೇಪದಿಂದ ಬಿಡುಗಡೆ ಮಾಡಿತಾದರೂ, ಆ ಸ್ವಾತಂತ್ರ್ಯದ ಕೀಲಿಕೈಯನ್ನು ಒಪ್ಪಿಸಿದುದು ರೀಜೆಂಟರಿಗೇ ಹೊರತು ಅಧ್ಯಾಪಕರಿಗಲ್ಲ.

ಶಾಸನದಲ್ಲಿ ಹೆಸರು ದೊರೆತ ಮಾತ್ರಕ್ಕೆ ಸೆನೆಟ್ಟಿಗೆ ಬಲ ಬರಲಿಲ್ಲ. 1899ರಿಂದ 1919ರವರೆಗೆ ವಿಶ್ವವಿದ್ಯಾನಿಲಯದ ಅಧ್ಯಕ್ಷರಾಗಿದ್ದ ಬೆಂಜಮಿನ್ ಐಡ್ ವೀಲರರು ಗ್ರೀಕ್ ಭಾಷಾವಿದ್ವಾಂಸರೂ ಬರ್ಕ್ಲಿಯ ಕೀರ್ತಿಯನ್ನು ಬೆಳೆಸಿದ ಕರ್ತೃತ್ವಶಾಲಿಗಳೂ ಆಗಿದ್ದರೂ, ನೇಮಕ, ಬಡ್ತಿ, ಸಂಬಳಗಳನ್ನೆಲ್ಲ ತಮ್ಮ ಹಿಡಿತದಲ್ಲಿಯೇ ಇರಿಸಿಕೊಂಡು, ರೀಜೆಂಟರೊಡನೆ ಮಾತನಾಡುವ ಅಧಿಕಾರವು ತಮಗೊಬ್ಬರಿಗೇ ಸಲ್ಲತಕ್ಕದ್ದೆಂದು ಭಾವಿಸಿದ್ದರು. ಅವರು ನಿವೃತ್ತರಾದೊಡನೆ, ಭೂವಿಜ್ಞಾನಿ ಆಂಡ್ರೂ ಲಾಸನ್, ರಸಾಯನಶಾಸ್ತ್ರಜ್ಞ ಗಿಲ್ಬರ್ಟ್ ಲೂಯಿಸ್ ಮೊದಲಾದವರು ಮುಂದಾಗಿ ನಡೆಸಿದ, ಮುಂದೆ ‘ಬರ್ಕ್ಲಿ ಕ್ರಾಂತಿ’ಯೆಂದು ಪ್ರಸಿದ್ಧವಾದ ಹೋರಾಟದ ಫಲವಾಗಿ, 1920ರಲ್ಲಿ ಸೆನೆಟ್ಟು ತನ್ನ ಸಮಿತಿಗಳನ್ನು ತಾನೇ ಆರಿಸಿಕೊಳ್ಳುವ, ಮತ್ತು ನೇಮಕ, ಬಡ್ತಿ, ಆಯವ್ಯಯಗಳ ವಿಷಯದಲ್ಲಿ ಅಧ್ಯಕ್ಷರಿಗೆ ಸಲಹೆ ನೀಡುವ ಹಕ್ಕುಗಳನ್ನು ಪಡೆಯಿತು.

ಈ ಹಕ್ಕು ನಿಜವಾಗಿ ಹೇಗೆ ನಡೆಯುತ್ತದೆಂಬುದನ್ನು ಬರ್ಕ್ಲಿಯ ಬಜೆಟ್ ಸಮಿತಿಯಲ್ಲಿ ಕಾಣಬಹುದು. ಒಬ್ಬ ಅಧ್ಯಾಪಕನ ಬಡ್ತಿಯ ಕಡತವು ಮೊದಲು ಅವನ ವಿಭಾಗದ ಸಹೋದ್ಯೋಗಿಗಳ ಮತಕ್ಕೆ ಬಂದು, ವಿಭಾಗಾಧ್ಯಕ್ಷರ ಪತ್ರ, ಹೊರಗಿನ ವಿದ್ವಾಂಸರ ಅಭಿಪ್ರಾಯಗಳು ಮತ್ತು ಡೀನರ ಟಿಪ್ಪಣಿಗಳನ್ನು ಕೂಡಿಸಿಕೊಂಡು ಈ ಸಮಿತಿಯ ಮುಂದೆ ಬಂದಾಗ, ಅವನ ಶಾಸ್ತ್ರಕ್ಕೆ ಸಂಬಂಧವೇ ಇಲ್ಲದ ವಿಭಾಗಗಳಿಂದಲೂ ಬಂದ ಸದಸ್ಯರು ಅದನ್ನು ಗೋಪ್ಯವಾಗಿ ಓದಿ, ಸಂಬಳದ ಶ್ರೇಣಿಯಲ್ಲಿ ಅವನು ಯಾವ ಮೆಟ್ಟಿಲನ್ನು ಏರಬೇಕೆಂದು ಶಿಫಾರಸು ಮಾಡುತ್ತಾರೆ. ಕೊನೆಯ ಸಹಿ ಆವರಣದ ಮುಖ್ಯಸ್ಥರಾದ ಚಾನ್ಸಲರರದ್ದಾದರೂ ಈ ಶಿಫಾರಸನ್ನು ಅವರು ಬಹುಮಟ್ಟಿಗೆ ಮೀರುವುದಿಲ್ಲ. ಸಮಾನರ ವಿವೇಚನೆಯನ್ನೇ ಆಡಳಿತದ ಆಧಾರವನ್ನಾಗಿ ಮಾಡಿಕೊಂಡ ಈ ಪದ್ಧತಿಯು ಆ ವಿಶ್ವವಿದ್ಯಾನಿಲಯದ ಶ್ರೇಷ್ಠತೆಗೆ ಅದರ ಗ್ರಂಥಭಂಡಾರ ಪ್ರಯೋಗಶಾಲೆಗಳಷ್ಟೇ ಕಾರಣವಾಯಿತೆಂದು ಹೇಳಿದರೆ ಅತಿಶಯೋಕ್ತಿಯಾಗಲಾರದು.

ಇಂತಹ ಪದ್ಧತಿಯೂ ಭೀತಿಯ ಕಾಲದಲ್ಲಿ ಎಷ್ಟು ದುರ್ಬಲವಾಗಬಲ್ಲುದೆಂಬುದು ನಿಷ್ಠಾಪ್ರಮಾಣದ ಪ್ರಕರಣದಲ್ಲಿ ತೋರಿಬಂದಿತು. 1949ರ ಮಾರ್ಚ್ 25ರಂದು ಅಧ್ಯಕ್ಷ ರಾಬರ್ಟ್ ಗಾರ್ಡನ್ ಸ್ಪ್ರೌಲರ ಸೂಚನೆಯ ಮೇರೆಗೆ ರೀಜೆಂಟರು ಅಧ್ಯಾಪಕರಾದಿಯಾಗಿ ಎಲ್ಲ ನೌಕರರೂ ಕಮ್ಯುನಿಸ್ಟ್ ವಿರೋಧಿ ಪ್ರಮಾಣಕ್ಕೆ ಸಹಿ ಹಾಕತಕ್ಕದ್ದೆಂದು ವಿಧಿಸಿದರು. ಮನಶ್ಶಾಸ್ತ್ರಜ್ಞರಾದ ಎಡ್ವರ್ಡ್ ಟೋಲ್ಮನ್ನರು ಪ್ರತಿಭಟನೆಯ ಮುಂದಾಳುಗಳಾದರು. ಸಹಿ ಹಾಕಲೊಲ್ಲದವರು ಸೆನೆಟ್ಟಿನ ಸಮಿತಿಯ ಮುಂದೆ ವಿಚಾರಣೆಗೆ ಒಳಗಾಗಬಹುದೆಂಬ ರಾಜಿಯೊಂದು 1950ರ ಏಪ್ರಿಲಿನಲ್ಲಿ ಏರ್ಪಟ್ಟಿತು. ಆ ಸಮಿತಿಯು ಯಾರನ್ನು ಉಳಿಸಿಕೊಳ್ಳಬೇಕೆಂದು ಶಿಫಾರಸು ಮಾಡಿತೋ ಅವರನ್ನು ಉಳಿಸಿಕೊಳ್ಳಲು ರೀಜೆಂಟರ ಜುಲೈ ಸಭೆಯಲ್ಲಿ 10ಕ್ಕೆ 9 ಮತಗಳಿಂದ ನಿರ್ಣಯವೂ ಆಯಿತು. ಆದರೆ ಪ್ರಮಾಣದ ಪ್ರಬಲ ಪಕ್ಷಪಾತಿಯಾದ ರೀಜೆಂಟ್ ಜಾನ್ ಫ್ರಾನ್ಸಿಸ್ ನೇಲನರು ವಿಷಯವನ್ನು ಪುನಃ ಪರಿಶೀಲನೆಗೆ ತರುವ ಸಲುವಾಗಿ ತಮ್ಮ ಮತವನ್ನೇ ಬದಲಿಸಿ, ಆಗಸ್ಟ್ 25ರಂದು 12ಕ್ಕೆ 10 ಮತಗಳಿಂದ 31 ಮಂದಿ ಅಧ್ಯಾಪಕರನ್ನು ವಜಾ ಮಾಡಿಸಿದರು. ಅವರಲ್ಲಿ ಒಬ್ಬರ ಮೇಲೂ ಕಮ್ಯುನಿಸ್ಟರೆಂಬ ಆಪಾದನೆಯಿರಲಿಲ್ಲ. ವಿಚಾರಣೆ ನಡೆಸಿ ನಿರ್ದೋಷಿಗಳೆಂದು ಸಾರಿದ ಅವರದೇ ಸಹೋದ್ಯೋಗಿಗಳ ತೀರ್ಪನ್ನು ಹೀಗೆ ತಳ್ಳಿಹಾಕಿದ್ದು, ಸಂಬಳ ಹೋದದ್ದಕ್ಕಿಂತ ಹೆಚ್ಚಿನ ಗಾಯವನ್ನು ಆ ವಿದ್ವತ್ಸಮುದಾಯಕ್ಕೆ ಮಾಡಿತು.

ಸಹಿ ಹಾಕಲೊಲ್ಲದೆ ಬರ್ಕ್ಲಿಯನ್ನು ತೊರೆದವರಲ್ಲಿ ಮಧ್ಯಯುಗದ ಇತಿಹಾಸಕಾರರಾದ ಅರ್ನ್ಸ್ಟ್ ಕಾಂಟೊರೊವಿಚ್ ಅವರೂ ಇದ್ದರು. ನಾಜಿ ಜರ್ಮನಿಯಿಂದ ಪಾರಾಗಿ ಬಂದ ಯೆಹೂದಿಯಾದ ಅವರು ತಮ್ಮ ತಾರುಣ್ಯದಲ್ಲಿ ಕಮ್ಯುನಿಸ್ಟರ ವಿರುದ್ಧ ಬಂದೂಕು ಹಿಡಿದಿದ್ದವರಾದುದರಿಂದ, ಅವರ ನಿರಾಕರಣೆಯನ್ನು ಪಕ್ಷಪ್ರೇಮವೆನ್ನುವಂತಿರಲಿಲ್ಲ. 1950ರ ತಮ್ಮ ಕಿರುಹೊತ್ತಗೆಯೊಂದರಲ್ಲಿ ಅವರು ನ್ಯಾಯಾಧೀಶ, ಪಾದ್ರಿ, ಅಧ್ಯಾಪಕ ಈ ಮೂವರು ಮಾತ್ರ ನಿಲುವಂಗಿ ಧರಿಸುವುದನ್ನು ಎತ್ತಿ ತೋರಿಸಿ, ಆ ಉಡುಪು ಅಂತಃಸಾಕ್ಷಿಗನುಸಾರವಾಗಿ ನಡೆಯುವ ಹೊಣೆಯ ಚಿಹ್ನೆಯೆಂದೂ, ನ್ಯಾಯಾಧೀಶರು ನ್ಯಾಯಾಲಯದ ನೌಕರರಲ್ಲದೆ ಸ್ವತಃ ನ್ಯಾಯಾಲಯವೇ ಆಗಿರುವಂತೆ, ಅಧ್ಯಾಪಕರೂ ವಿದ್ಯಾರ್ಥಿಗಳೂ ಕೂಡಿ ವಿಶ್ವವಿದ್ಯಾನಿಲಯವೇ ಆಗಿದ್ದಾರೆಂದೂ ವಾದಿಸಿದರು. 1952ರ ಅಕ್ಟೋಬರಿನಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯವು ರೀಜೆಂಟರ ಪ್ರಮಾಣವನ್ನು ಅಸಿಂಧುವೆಂದು ಸಾರಿ ವಜಾ ಆದವರ ಪುನರ್ನೇಮಕಕ್ಕೆ ದಾರಿ ಮಾಡಿದರೂ, ಅದು ಈ ಉದಾತ್ತ ತತ್ತ್ವವನ್ನು ಆಧರಿಸಲಿಲ್ಲ. ಎಲ್ಲ ಸರ್ಕಾರಿ ನೌಕರರಿಗೂ ಅನ್ವಯಿಸುವ ಲೆವರಿಂಗ್ ಶಾಸನದ ಪ್ರಮಾಣವು ಇರುವಾಗ ಬೇರೊಂದನ್ನು ವಿಧಿಸುವಂತಿಲ್ಲವೆಂಬುದಷ್ಟೇ ಅದರ ಆಧಾರವಾಗಿತ್ತು. ಅಂದು ವಜಾ ಆಗಿದ್ದ ಭೌತವಿಜ್ಞಾನಿ ಡೇವಿಡ್ ಸ್ಯಾಕ್ಸನ್ನರು 1975ರಲ್ಲಿ ಅದೇ ವಿಶ್ವವಿದ್ಯಾನಿಲಯದ ಅಧ್ಯಕ್ಷರಾದರು.

1964ರಲ್ಲಿ ಬರ್ಕ್ಲಿಯಲ್ಲಿ ನಡೆದ ವಾಕ್‌ಸ್ವಾತಂತ್ರ್ಯ ಚಳವಳಿಯಲ್ಲಿ ವಿದ್ಯಾರ್ಥಿ ನಾಯಕ ಮಾರಿಯೊ ಸಾವಿಯೊ ಅವರು, ವಿಶ್ವವಿದ್ಯಾನಿಲಯವು ಒಂದು ಕಂಪನಿಯಾದ ಪಕ್ಷದಲ್ಲಿ ಅಧ್ಯಾಪಕರು ಅದರ ನೌಕರರೇ ಆಗುವರೆಂದು ಸಾರ್ವಜನಿಕವಾಗಿ ನುಡಿದರು. ಡಿಸೆಂಬರ್ 8ರಂದು ಬರ್ಕ್ಲಿಯ ಸೆನೆಟ್ಟು 824ಕ್ಕೆ 115 ಮತಗಳಿಂದ ವಿದ್ಯಾರ್ಥಿಗಳ ಪರವಾಗಿ ನಿಂತಿತು.

1979ರಲ್ಲಿ ಜಾರಿಗೆ ಬಂದ ಉನ್ನತ ಶಿಕ್ಷಣ ನೌಕರ ಸಂಬಂಧಗಳ ಶಾಸನವು ಸೆನೆಟ್ಟಿನ ಸಮಾಲೋಚನೆಯ ಪರಂಪರೆಯನ್ನು ಕಾಪಾಡುತ್ತಲೇ ಸಂಘ ಕಟ್ಟಿ ಸಂಧಾನ ನಡೆಸುವ ಹಕ್ಕನ್ನು ನೀಡಿತು. ಖಾಯಂ ಪ್ರಾಧ್ಯಾಪಕರು ಸಾಂಟಾ ಕ್ರೂಜ್ ಒಂದನ್ನು ಬಿಟ್ಟು ಉಳಿದೆಡೆ ಈ ಮಾರ್ಗವನ್ನು ಹಿಡಿಯಲಿಲ್ಲ. ಅದರ ಪೂರ್ಣ ಪ್ರಯೋಜನವನ್ನು ಪಡೆದವರು ಸೆನೆಟ್ಟಿನಲ್ಲಿ ಸ್ಥಾನವಿಲ್ಲದ ಲೆಕ್ಚರರುಗಳು. ಭಾಷೆ, ಲೇಖನ, ಗಣಿತಗಳ ಮೊದಲ ಪಾಠಗಳನ್ನು ಹೇಳುತ್ತ, ಮುಂದಿನ ವರ್ಷ ಕೆಲಸವಿದೆಯೋ ಇಲ್ಲವೋ ತಿಳಿಯದೆ ಬಾಳುತ್ತಿದ್ದ ಇವರು 1986ರ ಮೊದಲ ಒಪ್ಪಂದದ ಮೂಲಕ, ಆರು ವರ್ಷ ಬೋಧಿಸಿದವರಿಗೆ ಪರಿಶೀಲನೆಯ ತರುವಾಯ ದೀರ್ಘಾವಧಿಯ ನೇಮಕವನ್ನು ಸಂಪಾದಿಸಿದರು; 2021ರ ನವೆಂಬರ್ 17ರಂದು, ಮುಷ್ಕರ ಆರಂಭವಾಗಬೇಕಿದ್ದ ದಿನವೇ ಕುದುರಿದ ಒಪ್ಪಂದದಲ್ಲಿ ಹೊಸಬರಿಗೂ ಬಹುವರ್ಷದ ನೇಮಕ ದೊರೆಯಿತು. ಕಾಂಟೊರೊವಿಚ್ ಅವರ ನಿಲುವಂಗಿಯ ವಾದವು ಎಷ್ಟೇ ಘನವಾದುದಾದರೂ, ಆ ನಿಲುವಂಗಿಯ ಗೌರವವನ್ನು ಎಂದೂ ಪಡೆಯದೆ ಅದರ ಹೊಣೆಯನ್ನು ಮಾತ್ರ ಹೊತ್ತ ಇವರನ್ನು ಅದು ಕಣ್ಣೆತ್ತಿ ನೋಡಿರಲಿಲ್ಲ.

2022ರ ನವೆಂಬರ್ 14ರಂದು ಬೋಧನ ಸಹಾಯಕರು, ಸಂಶೋಧನ ವಿದ್ಯಾರ್ಥಿಗಳು, ಪಿಎಚ್.ಡಿ. ಮುಗಿಸಿದ ಸಂಶೋಧಕರು ಮೊದಲಾದ ಸುಮಾರು 48,000 ಮಂದಿ ಮುಷ್ಕರ ಹೂಡಿದಾಗ, ಪಾಠಗಳು ನಿಂತು, ಉತ್ತರಪತ್ರಿಕೆಗಳು ಮೌಲ್ಯಮಾಪನವಾಗದೆ ಉಳಿದವು. ಸಹಾಯಕರ ಕೆಲಸವನ್ನು ತಾವು ಮಾಡಿ ಅಂಕಗಳನ್ನು ಒಪ್ಪಿಸಬೇಕೋ, ಅಥವಾ ತಡೆಹಿಡಿದು ಅವರ ಜೊತೆ ನಿಲ್ಲಬೇಕೋ ಎಂಬುದನ್ನು ಪ್ರಾಧ್ಯಾಪಕರು ಒಬ್ಬೊಬ್ಬರಾಗಿ ನಿರ್ಧರಿಸಬೇಕಾಯಿತು. ಡಿಸೆಂಬರ್ 23ರಂದು ಕೊನೆಗೊಂಡ ಮುಷ್ಕರವು ಅರೆಕಾಲದ ಬೋಧನ ಸಹಾಯಕರ ಒಂಬತ್ತು ತಿಂಗಳ ಕನಿಷ್ಠ ಸಂಬಳವನ್ನು ಹಂತಹಂತವಾಗಿ ಸುಮಾರು 34,000 ಡಾಲರಿಗೆ ಏರಿಸಿತು. ಎರಡು ವರ್ಷಗಳ ಬಳಿಕ, 2024ರ ಸೆಪ್ಟೆಂಬರಿನಲ್ಲಿ, ಪ್ಯಾಲೆಸ್ತೀನ್ ಪರ ಪ್ರತಿಭಟನೆಗಳ ಸಂಬಂಧವಾಗಿ ಆಡಳಿತವು ಅಧ್ಯಾಪಕರ ವಾಕ್‌ಸ್ವಾತಂತ್ರ್ಯವನ್ನು ಹತ್ತಿಕ್ಕಿತೆಂದು ಆಕ್ಷೇಪಿಸಿ ಹಲವು ಆವರಣಗಳ ಪ್ರಾಧ್ಯಾಪಕ ಸಂಘಗಳು ದೂರು ಸಲ್ಲಿಸಿದುದು ಸೆನೆಟ್ಟಿನ ಸಮಿತಿಗಲ್ಲ, ರಾಜ್ಯದ ಸಾರ್ವಜನಿಕ ನೌಕರ ಸಂಬಂಧಗಳ ಮಂಡಲಿಗೆ.