ಶೀತಲ ನೀರಿನ ಕೊಳವೆಗಳ ಕವಾಟಗಳು

ದೊಡ್ಡ ಕಟ್ಟಡಗಳ ಹವಾನಿಯಂತ್ರಣದಲ್ಲಿ ಚಿಲ್ಲರ್ ಯಂತ್ರ ನೀರನ್ನು ಸುಮಾರು 6–7 ಡಿಗ್ರಿ ಸೆಲ್ಸಿಯಸ್‌ವರೆಗೆ ತಣಿಸುತ್ತದೆ. ಆ ನೀರು ಮಹಡಿ ಮಹಡಿಯ ಕಾಯಿಲ್‌ಗಳಲ್ಲಿ ಹರಿದು, ಗಾಳಿಯ ಶಾಖ ಹೀರಿಕೊಂಡು, 12–13 ಡಿಗ್ರಿಗೆ ಏರಿ ಹಿಂದಿರುಗುತ್ತದೆ. ಈ ಹರಿವನ್ನು ನಿಲ್ಲಿಸುವ, ನಿಯಂತ್ರಿಸುವ, ಸಮನಾಗಿ ಹಂಚುವ ಮತ್ತು ಹಿಮ್ಮುಖವಾಗದಂತೆ ತಡೆಯುವ ಸಾಧನಗಳೇ ಕವಾಟಗಳು.

ಮೂಲ

ಇವುಗಳಲ್ಲಿ ಹೆಚ್ಚಿನವು ಉಗಿಯಂತ್ರ ಮತ್ತು ನಗರ ನೀರು ಸರಬರಾಜಿನ ಕಾಲದ ಕೊಡುಗೆ. ಜೇಮ್ಸ್ ವ್ಯಾಟ್‌ನ ಉಗಿಯಂತ್ರದಲ್ಲೇ ಕೊಳವೆಯೊಳಗೆ ತಿರುಗುವ ಬಟರ್‌ಫ್ಲೈ ಮಾದರಿಯ ಬಿಲ್ಲೆಯಿತ್ತು. 1839ರಲ್ಲಿ ಎಂಜಿನಿಯರ್ ಜೇಮ್ಸ್ ನ್ಯಾಸ್ಮಿತ್ ಬೆಣೆಯಾಕಾರದ ಗೇಟ್ ಕವಾಟ ರೂಪಿಸಿದ. ಬಾಲ್ ಕವಾಟಕ್ಕೆ ಅಮೆರಿಕದಲ್ಲಿ 1871ರಲ್ಲೇ ಪೇಟೆಂಟ್ ದೊರೆಯಿತು. ಹವಾನಿಯಂತ್ರಣ ಬಂದದ್ದು ಆಮೇಲೆ. 1902ರಲ್ಲಿ ಎಂಜಿನಿಯರ್ ವಿಲ್ಲಿಸ್ ಕ್ಯಾರಿಯರ್ ಬ್ರೂಕ್ಲಿನ್‌ನ ಮುದ್ರಣಾಲಯವೊಂದರ ತೇವಾಂಶ ನಿಯಂತ್ರಿಸಲು ತಣ್ಣೀರಿನ ಕಾಯಿಲ್ ಬಳಸಿದ. 1922ರಲ್ಲಿ ಆತ ಪ್ರದರ್ಶಿಸಿದ ಸೆಂಟ್ರಿಫ್ಯೂಗಲ್ ಚಿಲ್ಲರ್ ದೊಡ್ಡ ಕಟ್ಟಡಗಳಿಗೆ ಈ ಪದ್ಧತಿಯ ದಾರಿ ತೆರೆಯಿತು.

ಗೇಟ್‌ನಿಂದ ಬಟರ್‌ಫ್ಲೈಗೆ

ಮೊದಲಿಗೆ ಹರಿವು ನಿಲ್ಲಿಸಲು ಗೇಟ್, ಹದಗೊಳಿಸಲು ಗ್ಲೋಬ್ ಕವಾಟ ಎಂಬ ವಿಂಗಡಣೆಯಿತ್ತು. ಪೂರ್ತಿ ತೆರೆದ ಗೇಟ್ ನೀರಿಗೆ ಅಡ್ಡಿಯಾಗದು. ಅರ್ಧ ತೆರೆದಿಟ್ಟರೆ ಅದರ ಹಲಗೆ ಅದುರಿ, ಅದು ಕೂರುವ ಪೀಠ ಸವೆಯುತ್ತದೆ. ಗ್ಲೋಬ್‌ನಲ್ಲಿ ನೀರು ತಿರುವು ಪಡೆದು ಸಾಗುವುದರಿಂದ ಒತ್ತಡ ನಷ್ಟ ಹತ್ತಾರು ಪಟ್ಟು ಹೆಚ್ಚು. 20ನೇ ಶತಮಾನದ ಉತ್ತರಾರ್ಧದಲ್ಲಿ ರಬ್ಬರ್ ಒಳಪದರ ಬಂದ ಮೇಲೆ, ಹಗುರವೂ ಗಿಡ್ಡವೂ ಆದ ಬಟರ್‌ಫ್ಲೈ ದೊಡ್ಡ ಕೊಳವೆಗಳಲ್ಲಿ ಗೇಟ್‌ನ ಜಾಗ ಪಡೆಯಿತು. 1938ರಲ್ಲಿ ಪತ್ತೆಯಾದ ಟೆಫ್ಲಾನ್ ಪೀಠವಾದಾಗ ಬಾಲ್ ಕವಾಟ ಸಣ್ಣ ಕೊಳವೆಗಳಲ್ಲಿ ನೆಲೆಯೂರಿತು. ತಣ್ಣನೆಯ ಲೋಹದ ಮೇಲೆ ಗಾಳಿಯ ತೇವ ಹನಿಗಟ್ಟುವುದರಿಂದ ಇವೆಲ್ಲಕ್ಕೂ ಶಾಖನಿರೋಧಕ ಹೊದಿಕೆ ಬೇಕು. ಹಿಡಿಕೆ ಅದರಾಚೆ ಚಾಚುವಂತೆ ಕತ್ತು ಉದ್ದವಾಗಿರಬೇಕು.

ನಿಯಂತ್ರಣ

ನೀರು ಅರ್ಧಕ್ಕಿಳಿದರೂ ಕಾಯಿಲ್ ಸುಮಾರು ಶೇ. 80ರಷ್ಟು ತಂಪು ಕೊಡುತ್ತದೆ. ಈ ಅಸಮ ಸಂಬಂಧವನ್ನು ಸರಿದೂಗಿಸಲು, ಮೊದಲು ನಿಧಾನವಾಗಿ, ಕೊನೆಗೆ ವೇಗವಾಗಿ ಹರಿವು ಹೆಚ್ಚಿಸುವ 'ಈಕ್ವಲ್ ಪರ್ಸೆಂಟೇಜ್' ಕವಾಟಗಳು ಬಳಕೆಗೆ ಬಂದವು. ಮೊದಮೊದಲು ಮೂರು ಬಾಯಿಯ ಕವಾಟಗಳು ಕಾಯಿಲ್‌ಗೆ ಬೇಡವಾದ ನೀರನ್ನು ಬದಿದಾರಿಯಲ್ಲಿ ಹಾಯಿಸುತ್ತಿದ್ದವು. ಪಂಪು ಮಾತ್ರ ಸದಾ ಪೂರ್ಣ ಹರಿವನ್ನು ತಳ್ಳುತ್ತಿತ್ತು. 1973ರ ತೈಲ ಬಿಕ್ಕಟ್ಟು ಈ ಪೋಲನ್ನು ಎತ್ತಿ ತೋರಿಸಿತು. 1975ರಲ್ಲಿ ಅಮೆರಿಕದ ಹವಾನಿಯಂತ್ರಣ ಎಂಜಿನಿಯರ್‌ಗಳ ಸಂಸ್ಥೆ ಆಶ್ರೇ ಕಟ್ಟಡಗಳ ಶಕ್ತಿಬಳಕೆಗೆ 90-75 ಮಾನದಂಡ ಹೊರತಂದಿತು. ಎರಡು ಬಾಯಿಯ ಕವಾಟ ಮತ್ತು ವೇಗ ಬದಲಿಸುವ ಪಂಪುಗಳ ಜೋಡಿ ಕ್ರಮೇಣ ರೂಢಿಯಾಯಿತು. ಆದರೆ ಒಂದು ಕವಾಟ ಮುಚ್ಚಿದರೆ ಉಳಿದವುಗಳ ಮೇಲಿನ ಒತ್ತಡ ಏರುವ ಹೊಸ ತೊಡಕು ಎದುರಾಯಿತು. ಒತ್ತಡ ಏರಿಳಿದರೂ ಹರಿವನ್ನು ಕಾಯ್ದುಕೊಳ್ಳುವ, ಪಿಐಸಿವಿ ಎಂದು ಕರೆಯಲಾಗುವ ಕವಾಟಗಳು ಅದಕ್ಕೆ ಪರಿಹಾರವಾದವು.

ಆಯ್ಕೆಯ ತತ್ತ್ವ

ಕವಾಟದ ಕೆಲಸ ಯಾವುದೆಂಬುದೇ ಮೊದಲ ಪ್ರಶ್ನೆ, ಬೆಲೆ ಆಮೇಲಿನದು. ನಿಯಂತ್ರಣ ಕವಾಟವನ್ನು ಕೊಳವೆಯ ಅಳತೆಗಲ್ಲ, ಬೇಕಾದ ಹರಿವು ಮತ್ತು ಒತ್ತಡ ನಷ್ಟಕ್ಕೆ ತಕ್ಕಂತೆ ಆರಿಸಬೇಕು. ಅತಿ ದೊಡ್ಡದಾದರೆ ಅದು ಕೊಂಚ ತೆರೆದೊಡನೆ ಬೇಕಾದದ್ದಕ್ಕಿಂತ ಹೆಚ್ಚು ನೀರು ಬಿಡುತ್ತದೆ. ಆ ನೀರು ಸಾಕಷ್ಟು ಶಾಖ ಹೀರದೆ ಮರಳುವುದರಿಂದ ಪಂಪಿನ ವಿದ್ಯುತ್ ವ್ಯರ್ಥವಾಗುತ್ತದೆ, ಚಿಲ್ಲರ್‌ನ ದಕ್ಷತೆ ಕುಗ್ಗುತ್ತದೆ.