ಗೇಮಿಂಗ್ ಪಿಸಿ ಆಗಾಗ ಹ್ಯಾಂಗ್ ಆಗುತ್ತಿದೆಯೇ? ಫಾರ್ಮ್ಯಾಟ್ ಮಾಡುವ ಮುನ್ನ ಇದನ್ನು ಓದಿ

"ಪಿಸಿ ಹ್ಯಾಂಗ್ ಆಗ್ತಿದ್ಯಾ? ವೈರಸ್ ಬಂದಿದೆ, ಕೂಡಲೇ ಫಾರ್ಮ್ಯಾಟ್ ಮಾಡಿ." ಇಂಥ ಸಲಹೆ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಲೇ ಇರುತ್ತದೆ. ಎಸ್.ಪಿ. ರೋಡಿನಲ್ಲಿ ಒಂದೊಂದೇ ಭಾಗ ಕೊಂಡು ಮನೆಯಲ್ಲೇ ಜೋಡಿಸಿದ ಪಿಸಿಗೆ ಇದನ್ನು ಮೊದಲ ಮದ್ದು ಮಾಡಿಕೊಳ್ಳಬೇಡಿ. ದೋಷ ಹಾರ್ಡ್‌ವೇರ್‌ನಲ್ಲೋ ಬಯೋಸ್‌ನಲ್ಲೋ ಇದ್ದರೆ ಫೋಟೋ, ಫೈಲುಗಳು ಹೋಗುತ್ತವೆ, ಹ್ಯಾಂಗ್ ಮಾತ್ರ ಹಾಗೇ ಉಳಿಯುತ್ತದೆ.

ಎರಡು ನಿಜವಾದ ಪ್ರಕರಣಗಳನ್ನು ನೋಡೋಣ. ಎಎಂಡಿ ರೈಜೆನ್ ಪ್ರೊಸೆಸರ್ ಇದ್ದ ಕೆಲವು ಪಿಸಿಗಳು ಆಗೊಮ್ಮೆ ಈಗೊಮ್ಮೆ ಕ್ಷಣಕಾಲ ತಡವರಿಸುತ್ತಿದ್ದವು. ಎಫ್‌ಟಿಪಿಎಂ ಎಂಬ ಭದ್ರತಾ ವ್ಯವಸ್ಥೆ ಮದರ್‌ಬೋರ್ಡಿನ ಫ್ಲ್ಯಾಶ್ ಚಿಪ್ ಜೊತೆ ನಡೆಸುವ ವ್ಯವಹಾರವೇ ಕಾರಣ ಎಂದು ಕಂಪನಿ 2022ರ ಮಾರ್ಚ್‌ನಲ್ಲಿ ಒಪ್ಪಿಕೊಂಡಿತು. ಪರಿಹಾರ ಬಂದದ್ದು ಬಯೋಸ್ ಅಪ್‌ಡೇಟ್ ಆಗಿ. ವಿಂಡೋಸನ್ನು ಹತ್ತು ಸಲ ಹಾಕಿದ್ದರೂ ಅದು ಸರಿಹೋಗುತ್ತಿರಲಿಲ್ಲ.

ಇನ್ನೊಂದು ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳದ್ದು. ಕೆಲವು ಆಟಗಳು ಅರ್ಧಕ್ಕೇ ನಿಂತು, ವಿಡಿಯೋ ಮೆಮೊರಿ ಸಾಲದು ಎಂಬ ಸಂದೇಶ ಬರುತ್ತಿತ್ತು. ಓದಿದವರಿಗೆ ಗ್ರಾಫಿಕ್ಸ್ ಕಾರ್ಡಿನ ಮೇಲೆ ಅನುಮಾನ ಬರುವುದು ಸಹಜ. ಆದರೆ ದೋಷವಿದ್ದದ್ದು ಪ್ರೊಸೆಸರ್‌ನಲ್ಲಿ. ಅಗತ್ಯಕ್ಕಿಂತ ಹೆಚ್ಚಿನ ವೋಲ್ಟೇಜ್‌ನಿಂದ ಅದು ಹದಗೆಡುತ್ತಿತ್ತು. 2024ರ ಆಗಸ್ಟ್‌ನಲ್ಲಿ ಬಯೋಸ್ ಮೂಲಕ ತಿದ್ದುಪಡಿ ಬಂತು. ಆಗಲೇ ಕೆಟ್ಟಿದ್ದ ಪ್ರೊಸೆಸರ್ ಇದರಿಂದ ಸರಿಯಾಗುವುದಿಲ್ಲ, ಬದಲಾಯಿಸಲೇಬೇಕು. ಅದಕ್ಕಾಗಿ ಇಂಟೆಲ್ ವಾರಂಟಿಯನ್ನು 2 ವರ್ಷ ಹೆಚ್ಚಿಸಿತು. ನಿಮ್ಮಲ್ಲಿ ಈ ಪ್ರೊಸೆಸರ್ ಇದ್ದರೆ ಬಯೋಸ್ ಯಾವ ಕಾಲದ್ದೆಂದು ಇವತ್ತೇ ನೋಡಿ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಹ್ಯಾಂಗ್ ಆದ ಕೂಡಲೇ ಪವರ್ ಬಟನ್ ಒತ್ತಬೇಡಿ. ಕೀಬೋರ್ಡಿನ ಕ್ಯಾಪ್ಸ್ ಲಾಕ್ ಒತ್ತಿ. ದೀಪ ಹತ್ತಿ ಆರುತ್ತಿದ್ದರೆ ಯಂತ್ರ ಇನ್ನೂ ಜೀವಂತವಾಗಿದೆ, ಆಟವೋ ಗ್ರಾಫಿಕ್ಸ್ ಡ್ರೈವರೋ ಸಿಕ್ಕಿಕೊಂಡಿರಬಹುದು. ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ಈ ನಾಲ್ಕನ್ನು ಒಟ್ಟಿಗೆ ಒತ್ತಿದರೆ ಡ್ರೈವರ್ ಮರುಚಾಲನೆಯಾಗುತ್ತದೆ. ದೀಪವೂ ಕದಲದೆ, ಧ್ವನಿ "ಟರ್‍ರ್" ಎಂದು ಒಂದೇ ಕಡೆ ನಿಂತಿದ್ದರೆ ಇಡೀ ಯಂತ್ರವೇ ಸ್ತಬ್ಧವಾಗಿದೆ ಎಂದರ್ಥ.

ಆಗ ನಮ್ಮ ಮೊದಲ ಅನುಮಾನ ರ್‍ಯಾಮ್ ಮೇಲೆ. ಡಬ್ಬದ ಮೇಲೆ 3600 ಎಂದು ಬರೆದಿರುವ ಡಿಡಿಆರ್4 ರ್‍ಯಾಮ್ ಆ ವೇಗಕ್ಕೆ ಏರುವುದು ಬಯೋಸ್‌ನಲ್ಲಿ ಎಕ್ಸ್‌ಎಂಪಿ ಆನ್ ಮಾಡಿದಾಗ. ಅದು ಒಂದು ಬಗೆಯ ಓವರ್‌ಕ್ಲಾಕಿಂಗ್. ಎಲ್ಲ ಪ್ರೊಸೆಸರ್, ಎಲ್ಲ ಮದರ್‌ಬೋರ್ಡ್ ಅದನ್ನು ತಾಳಿಕೊಳ್ಳುತ್ತವೆ ಎಂಬ ಖಾತರಿ ಇಲ್ಲ. ಎಕ್ಸ್‌ಎಂಪಿ ಆಫ್ ಮಾಡಿ ಆಡಿ ನೋಡಿ, ನಯಾಪೈಸೆ ಖರ್ಚಿಲ್ಲ. ಆಮೇಲೆ ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವ್‌ಗೆ ಹಾಕಿ ರಾತ್ರಿಯಿಡೀ ಓಡಿಸಿ. ಒಂದೇ ಒಂದು ದೋಷ ತೋರಿಸಿದರೂ ಅದನ್ನು ಕಡೆಗಣಿಸುವಂತಿಲ್ಲ.

ಕೆಲವು ಸೆಕೆಂಡ್ ನಿಂತು ತಾನಾಗಿಯೇ ಮುಂದುವರಿಯುತ್ತಿದ್ದರೆ ಎಸ್‌ಎಸ್‌ಡಿ ಅಥವಾ ಹಾರ್ಡ್ ಡಿಸ್ಕ್ ನೋಡಿ. ಈವೆಂಟ್ ವ್ಯೂವರ್‌ನಲ್ಲಿ ಅದೇ ಸಮಯಕ್ಕೆ 129 ಎಂಬ ಸಂಖ್ಯೆಯ ಎಚ್ಚರಿಕೆ ಇದ್ದರೆ ಡಿಸ್ಕ್ ಉತ್ತರಿಸಲು ತಡ ಮಾಡಿದೆ ಎಂದು ತಿಳಿಯಿರಿ. ಮೊದಲು ಬೇಕಾದ ಫೈಲುಗಳನ್ನೆಲ್ಲ ಬೇರೆಡೆ ಕಾಪಿ ಮಾಡಿ, ಉಳಿದದ್ದು ಆಮೇಲೆ.

ಅದೇ ಪಟ್ಟಿಯಲ್ಲಿ ಕೆಂಪಗೆ ಕಾಣುವ "ಕರ್ನಲ್ ಪವರ್ 41" ನೋಡಿ ಎಸ್‌ಎಂಪಿಎಸ್ ಸುಟ್ಟಿದೆ ಎಂದು ಹೊಸದು ತರುವವರಿದ್ದಾರೆ. ಪಿಸಿ ಸರಿಯಾಗಿ ಶಟ್‌ಡೌನ್ ಆಗದೆ ಮತ್ತೆ ಆನ್ ಆಯಿತು ಎಂದಷ್ಟೇ ಅದು ಹೇಳುತ್ತದೆ. ಬಟನ್ ಒತ್ತಿ ನೀವೇ ಆಫ್ ಮಾಡಿದರೂ ಅದೇ ಸಾಲು ಬರುತ್ತದೆ! "ಡಬ್ಲ್ಯೂಎಚ್‌ಇಎ" ಎಂಬ ಹೆಸರಿನ ಸಾಲು ಕಂಡರೆ ಮಾತ್ರ ಹಾರ್ಡ್‌ವೇರ್ ಕಡೆಗೆ ನಿಜವಾದ ಸುಳಿವು ಸಿಕ್ಕಂತೆ.

ಬಿಸಿಯ ವಿಷಯ: ಈಗಿನ ಪ್ರೊಸೆಸರ್‌ಗಳು ಮಿತಿ ತಲುಪಿದಾಗ ಮೊದಲು ವೇಗ ತಗ್ಗಿಸಿಕೊಳ್ಳುತ್ತವೆ. ಆದ್ದರಿಂದ ಬಿಸಿಯಿಂದ ಆಟ ಕುಂಟುವುದೇ ಹೆಚ್ಚು. ಫ್ಯಾನಿನ ಧೂಳು ತೆಗೆಯಿರಿ, ಸಾಕು. ಇನ್ನು ಡೆಸ್ಕ್‌ಟಾಪ್ ಮೇಲೆ ಹತ್ತು ಸಲ ರಿಫ್ರೆಶ್ ಒತ್ತುವುದರಿಂದ ಐಕಾನ್‌ಗಳು ಹತ್ತು ಸಲ ಮಿನುಗುತ್ತವೆ, ಅಷ್ಟೇ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ದಿನಾಂಕ ಬರೆದಿಡಿ. ಮೂರು ದಿನಕ್ಕೊಮ್ಮೆ ಹ್ಯಾಂಗ್ ಆಗುವ ಪಿಸಿ ಒಂದು ಸಂಜೆ ಚೆನ್ನಾಗಿ ಓಡಿದರೆ ಅದು ಸರಿಯಾಯಿತು ಎಂದಲ್ಲ. ಹತ್ತು ದಿನವಾದರೂ ಕಾಯಿರಿ. ವಾರಂಟಿಗೆಂದು ಅಂಗಡಿಗೆ ಹೋದಾಗ "ಇಲ್ಲಿ ಚೆನ್ನಾಗೇ ಓಡ್ತಿದೆಯಲ್ಲ ಸಾರ್" ಎನ್ನುವವರ ಮುಂದೆ ಇಡಲು ಆ ಚೀಟಿಯೂ ಮೆಮ್‌ಟೆಸ್ಟ್ ಪರದೆಯ ಫೋಟೋವೂ ಬೇಕಾಗುತ್ತವೆ.