ಕಟ್ಟೆ ಬದಲಾಯಿತು, ಕಾಲುವೆ ಉಳಿಯಿತು

ಕಂಪ್ಯೂಟರ್ ಹಳತಾದಾಗ ಅದರ ಮದರ್‌ಬೋರ್ಡ್ ಮತ್ತು ಪ್ರೊಸೆಸರ್ ಬದಲಿಸುವುದು ದೊಡ್ಡ ಕೆಲಸವಲ್ಲ. ಸ್ಕ್ರೂ ಡ್ರೈವರ್ ಹಿಡಿಯಲು ಬಂದರೆ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಕಷ್ಟ ಇರುವುದು ಆಮೇಲೆ. ಹಾರ್ಡ್ ಡಿಸ್ಕಿನಲ್ಲಿ ವರ್ಷಗಟ್ಟಲೆ ನೆಲೆಸಿದ ಆಪರೇಟಿಂಗ್ ಸಿಸ್ಟಮ್ ಹೊಸ ಬೋರ್ಡಿನ ಮೇಲೆ ಏಳುತ್ತದೆಯೇ ಅಥವಾ ಎಲ್ಲವನ್ನೂ ಅಳಿಸಿ ಮೊದಲಿನಿಂದ ತುಂಬಬೇಕೇ? ಈ ಪ್ರಶ್ನೆಗೆ ಕಾಲು ಶತಮಾನದ ಚರಿತ್ರೆಯಿದೆ. ಇದೇ ಪ್ರಶ್ನೆಯನ್ನು ಕಲ್ಲು, ನೀರು, ಗದ್ದೆಗಳ ನಡುವೆ ಎದುರಿಸಿದ ಇನ್ನೂ ಹಳೆಯ ಚರಿತ್ರೆ ಹೊಸಪೇಟೆ ಪಕ್ಕದ ಟಿ.ಬಿ. ಡ್ಯಾಂನಲ್ಲಿದೆ. ಎರಡನ್ನೂ ಜೊತೆಗಿಟ್ಟು ನೋಡಬಹುದು.

2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ, ತನ್ನನ್ನು ಸ್ಥಾಪಿಸುವ ದಿನವೇ ಯಂತ್ರವನ್ನು ನೋಡಿ, ಆ ಬೋರ್ಡಿಗೆ ಹೊಂದುವ ತಳಪದರವನ್ನೂ ಡಿಸ್ಕ್ ನಿಯಂತ್ರಕದ ಡ್ರೈವರನ್ನೂ ಆರಿಸಿಕೊಂಡುಬಿಡುತ್ತಿತ್ತು. ಮುಂದೆ ಬೋರ್ಡ್ ಬದಲಾದರೆ ಅದಕ್ಕೆ ತನ್ನ ಡಿಸ್ಕೇ ಕಾಣುತ್ತಿರಲಿಲ್ಲ. ಪರದೆ ನೀಲಿಯಾಗಿ, 7ಬಿ ಎಂದು ಕೊನೆಗೊಳ್ಳುವ ದೋಷಸಂಖ್ಯೆ ಬರುತ್ತಿತ್ತು. ಕಡತಗಳೆಲ್ಲ ಒಳಗೆ ಭದ್ರವಾಗಿಯೇ ಇರುತ್ತಿದ್ದವು. ಅವುಗಳ ಬಳಿಗೆ ಹೋಗುವ ದಾರಿ ಮಾತ್ರ ತಪ್ಪಿರುತ್ತಿತ್ತು. ಬಲ್ಲವರು ಬೋರ್ಡ್ ಬಿಚ್ಚುವ ಮೊದಲೇ ಹಳೆಯ ಯಂತ್ರದಲ್ಲಿ ಆ ಡ್ರೈವರನ್ನು ತೆಗೆದು, ಎಲ್ಲ ಬೋರ್ಡಿಗೂ ಸಲ್ಲುವ ಸಾಮಾನ್ಯ ಡ್ರೈವರ್ ಹಾಕಿಡುತ್ತಿದ್ದರು. ಬದಲಾವಣೆಯ ನಂತರ ಹುಡುಕುವ ದಾರಿಯನ್ನು ಮೊದಲೇ ತೆರೆದಿಡುವುದು ಇದರ ಗುಟ್ಟು.

ಕನ್ನಡದ ಡಿಟಿಪಿ ಅಂಗಡಿಗಳಿಗೆ ಇದು ಹೊಟ್ಟೆಪಾಡಿನ ವಿಷಯವೂ ಆಗಿತ್ತು. ಲಗ್ನಪತ್ರಿಕೆ, ಕರಪತ್ರ, ಪುಸ್ತಕಗಳೆಲ್ಲ ಯುನಿಕೋಡ್‌ಗೆ ಮುಂಚಿನ ಫಾಂಟುಗಳಲ್ಲಿದ್ದವು. ಆ ಫಾಂಟು, ಆ ಕೀಲಿಮಣೆ ವಿನ್ಯಾಸ ಇಲ್ಲದಿದ್ದರೆ ಬರೆದದ್ದೆಲ್ಲ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತಿತ್ತು. ಕೆಲವು ತಂತ್ರಾಂಶಗಳು ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ ‘ಲಾಕ್’ ಇಲ್ಲದೆ ತೆರೆಯುತ್ತಲೇ ಇರಲಿಲ್ಲ. ಹೊಸ ಬೋರ್ಡುಗಳಲ್ಲಿ ಆ ಪೋರ್ಟೇ ಮಾಯವಾಯಿತು. ‘ಫಾರ್ಮ್ಯಾಟ್ ಹೊಡೆಯೋಣ’ ಎಂಬ ಮಾತಿಗೆ ಅಂಗಡಿಯವರು ಹೆದರುತ್ತಿದ್ದುದು ಸುಮ್ಮನೆ ಅಲ್ಲ.

ಈಗ ಟಿ.ಬಿ. ಡ್ಯಾಂಗೆ ಬರೋಣ. ವಿಜಯನಗರದ ಅರಸರು ತುಂಗಭದ್ರೆಗೆ ಅಲ್ಲಲ್ಲಿ ತಗ್ಗಿನ ಕಲ್ಲಿನ ಅಣೆಕಟ್ಟುಗಳನ್ನು ಕಟ್ಟಿ ಕಾಲುವೆಗಳನ್ನು ತೆಗೆದರು. ನದಿಯ ಬಂಡೆಗಳನ್ನೇ ಆಧಾರ ಮಾಡಿಕೊಂಡ ಈ ಒಡ್ಡುಗಳು ನೀರನ್ನು ಕೂಡಿಡುತ್ತಿರಲಿಲ್ಲ. ಅದನ್ನು ಸ್ವಲ್ಪ ಎತ್ತರಿಸಿ ಕಾಲುವೆಗೆ ತಿರುಗಿಸುತ್ತಿದ್ದವು, ಅಷ್ಟೇ. ಹೊಸಪೇಟೆಯ ಗದ್ದೆ ತೋಟಗಳಿಗೆ ನೀರುಣಿಸುವ ರಾಯ ಕಾಲುವೆ ಮತ್ತು ಬಸವಣ್ಣ ಕಾಲುವೆ ಹದಿನಾರನೆಯ ಶತಮಾನದ ಕೃಷ್ಣದೇವರಾಯನ ಕಾಲದವು. ವಲ್ಲಭಾಪುರ, ಕೊರ್ರಗಲ್ಲುಗಳ ಅಣೆಕಟ್ಟುಗಳು ಇವುಗಳ ತಲೆ. 1565ರಲ್ಲಿ ರಾಜಧಾನಿ ಹಾಳಾಯಿತು, ಅರಮನೆ ಉರಿಯಿತು. ಕಾಲುವೆಗಳು ಮಾತ್ರ ಹರಿಯುತ್ತಲೇ ಇದ್ದವು, ಏಕೆಂದರೆ ಅವುಗಳನ್ನು ನಡೆಸುತ್ತಿದ್ದುದು ರೈತರ ಸರದಿ, ಹೂಳೆತ್ತುವ ವಾಡಿಕೆ, ಯಾವ ಗದ್ದೆಗೆ ಯಾವ ತೂಬು ಎಂಬ ತಿಳಿವಳಿಕೆ.

1945ರ ಫೆಬ್ರವರಿ 28ರಂದು ಮದ್ರಾಸ್ ಮತ್ತು ಹೈದರಾಬಾದ್ ಸರ್ಕಾರಗಳು ನದಿಯ ಎರಡೂ ದಡಗಳಲ್ಲಿ ಹೊಸ ಅಣೆಕಟ್ಟೆಗೆ ಅಡಿಗಲ್ಲು ಹಾಕಿದವು. ಹೊಸಪೇಟೆಯ ಕಡೆ ಮದ್ರಾಸಿನದು, ಮುನಿರಾಬಾದಿನ ಕಡೆ ನಿಜಾಮರದು. ಮದ್ರಾಸ್ ಪಾಲಿನ ಕೆಲಸದ ಹೊಣೆ ಎಂಜಿನಿಯರ್ ತಿರುಮಲೆ ಅಯ್ಯಂಗಾರರ ಮೇಲಿತ್ತು. ಜಲಾಶಯ ತುಂಬಿದರೆ ವಲ್ಲಭಾಪುರ, ಕೊರ್ರಗಲ್ಲುಗಳ ಹಳೆಯ ಅಣೆಕಟ್ಟುಗಳು ನೀರಿನಡಿ ಹೋಗುವುದು ಖಚಿತವಿತ್ತು. ತಲೆಯೇ ಮುಳುಗಿದರೆ ಕಾಲುವೆಯ ಗತಿ?

ಪರಿಹಾರ ಸರಳವಾಗಿತ್ತು. ರಾಯ ಬಸವಣ್ಣ ಕಾಲುವೆಗಾಗಿ ಹೊಸ ಜಲಾಶಯದ ಬಲದಂಡೆಯಿಂದಲೇ ಪ್ರತ್ಯೇಕ ತೂಬು ಬಿಟ್ಟರು. 1953ರಲ್ಲಿ ನೀರು ನಿಂತಿತು. ನದಿಗೆ ಅಡ್ಡಲಾಗಿದ್ದ ತಗ್ಗಿನ ಒಡ್ಡಿನ ಬದಲು ಈಗ 133 ಟಿಎಂಸಿ ಹಿಡಿಯುವ ಜಲಾಶಯ ಬಂದಿತ್ತು. ಕೆಳಗಿನ ಕಾಲುವೆ ಮಾತ್ರ ಅದೇ, ಗದ್ದೆಯೂ ಅದೇ. ಅದೇ ವರ್ಷ ಅಕ್ಟೋಬರ್ 1ರಂದು ಹೊಸಪೇಟೆ ಮದ್ರಾಸಿನಿಂದ ಮೈಸೂರು ರಾಜ್ಯಕ್ಕೆ ಸೇರಿತು. ಆಳುವವರೂ ಬದಲಾದರು. ಅಣೆಕಟ್ಟೆಯ ಕೆಳಗಿನ ತುರ್ತು, ರಾಮಸಾಗರ, ಕಂಪ್ಲಿ ಕಾಲುವೆಗಳು ತಮ್ಮ ಹಳೆಯ ಅಣೆಕಟ್ಟುಗಳನ್ನೇ ಉಳಿಸಿಕೊಂಡವು. ಹಂಪಿಯ ಬಾಳೆತೋಟಗಳ ನಡುವೆ ಇಂದಿಗೂ ಹರಿಯುವುದು ಆ ತುರ್ತು ಕಾಲುವೆಯ ನೀರು.

ಹಾಗೆಂದು ಎಲ್ಲವೂ ಹೀಗೆ ಉಳಿಯಲಿಲ್ಲ. ಸುಮಾರು 90 ಊರುಗಳು ಮುಳುಗಿದವು. ನಾರಾಯಣದೇವರಕೆರೆಯ ಜನ ಮರಿಯಮ್ಮನಹಳ್ಳಿಗೆ ಬಂದು ಮೊದಲಿನಿಂದ ಮನೆ ಕಟ್ಟಿದರು. ಕಾಲುವೆಗೆ ತೂಬು ಬಿಟ್ಟ ಹಾಗೆ ಊರಿಗೆ ತೂಬು ಬಿಡಲು ಬರುವುದಿಲ್ಲ. ಜನ ಗಂಟುಮೂಟೆ ಹೊತ್ತು ಬರಬಹುದು, ದೇವರನ್ನೂ ತರಬಹುದು. ಬಾವಿಯ ರುಚಿ, ಓಣಿಯ ನೆರೆಹೊರೆ, ಹೊಲದ ಬದು ಬರುವುದಿಲ್ಲ. ಕಡತಗಳನ್ನು ಮಾತ್ರ ನಕಲು ಮಾಡಿ ಹೊಸ ಸಿಸ್ಟಮ್ ಹಾಕಿಕೊಂಡವರಿಗೆ ಇದರ ಒಂದು ಅತಿ ಸಣ್ಣ ಅಂಶ ಗೊತ್ತಿರುತ್ತದೆ. ಆದರೆ ಹೋಲಿಕೆಯನ್ನು ಅಲ್ಲಿಗೇ ನಿಲ್ಲಿಸಬೇಕು. ಕಂಪ್ಯೂಟರಿನದು ಎರಡು ದಿನದ ಕಿರಿಕಿರಿ, ನಾರಾಯಣದೇವರಕೆರೆಯದು ಒಂದು ತಲೆಮಾರಿನ ನಷ್ಟ.

ನಡೆಯುತ್ತಿರುವುದನ್ನು ನಿಲ್ಲಿಸದೆ ಭಾಗ ಬದಲಿಸುವ ಪ್ರಶ್ನೆ ಇಲ್ಲಿ ಮತ್ತೊಮ್ಮೆ ಎದುರಾದದ್ದು 2024ರ ಆಗಸ್ಟ್ 10ರ ರಾತ್ರಿ. ಅಣೆಕಟ್ಟೆಯ 33 ಗೇಟುಗಳ ಪೈಕಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಜಲಾಶಯ ತುಂಬಿತ್ತು, ಕೆಳಗೆ ಭತ್ತದ ಬೆಳೆ ನಿಂತಿತ್ತು. ಗೇಟಿನ ತಳದವರೆಗೆ ನೀರು ಖಾಲಿ ಮಾಡಿದರೆ ದುರಸ್ತಿ ಸುಲಭ, ಆದರೆ ಬೆಳೆ ಹೋಗುತ್ತದೆ. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ಉಕ್ಕಿನ ತಡೆಪಟ್ಟಿಗಳನ್ನು ಒಂದರ ಮೇಲೊಂದರಂತೆ ಇಳಿಸಿ, ಆಗಸ್ಟ್ 17ರ ಹೊತ್ತಿಗೆ ಬಾಯಿ ಮುಚ್ಚಿದರು. ಅಷ್ಟು ಹೊತ್ತಿಗೂ ಸುಮಾರು 70 ಟಿಎಂಸಿ ನೀರು ಒಳಗೆ ಉಳಿದಿತ್ತು. ಬದಲಿ ಗೇಟು ಸಿದ್ಧವಾಗಿಲ್ಲದ ಜಾಗದಲ್ಲಿ ಕಾರ್ಖಾನೆಗಳು ಹಗಲಿರುಳು ಕೆಲಸ ಮಾಡಬೇಕಾಯಿತು ಎಂಬುದನ್ನೂ ಮರೆಯಬಾರದು.

ಕಂಪ್ಯೂಟರಿನ ಕಥೆ ಈ ನಡುವೆ ಹಗುರವಾಗಿದೆ. ವಿಂಡೋಸ್ 10 ಮತ್ತು ಅದರ ನಂತರದ್ದು ಹೊಸ ಬೋರ್ಡ್ ಕಂಡರೆ ತಾನೇ ಡ್ರೈವರ್ ಹುಡುಕಿಕೊಂಡು ಬಹುಮಟ್ಟಿಗೆ ಏಳುತ್ತದೆ. ಲಿನಕ್ಸ್ ಬಹಳ ಹಿಂದಿನಿಂದಲೂ ಬೂಟ್ ಆಗುವಾಗಲೇ ಯಂತ್ರವನ್ನು ಪರೀಕ್ಷಿಸಿ ಬೇಕಾದ ಡ್ರೈವರನ್ನು ತೆಗೆದುಕೊಳ್ಳುತ್ತದೆ. ಈಗ ಉಳಿದಿರುವ ತೊಡಕು ಪರವಾನಗಿಯದು, ಬೀಗದ್ದು. ಯಂತ್ರದ ಜೊತೆಗೇ ಬಂದ ವಿಂಡೋಸ್ ಪರವಾನಗಿ ಹಳೆಯ ಬೋರ್ಡಿಗೇ ಅಂಟಿಕೊಂಡಿರುತ್ತದೆ. ಬಿಡಿಯಾಗಿ ಕೊಂಡದ್ದನ್ನು 2016ರಿಂದೀಚೆಗೆ ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿಟ್ಟು ಹೊಸ ಬೋರ್ಡಿನಲ್ಲಿ ಮತ್ತೆ ಸಕ್ರಿಯಗೊಳಿಸಬಹುದು. ಡಿಸ್ಕಿಗೆ ಬಿಟ್‌ಲಾಕರ್ ಬೀಗವಿದ್ದರೆ ಬೋರ್ಡ್ ಬಿಚ್ಚುವ ಮೊದಲೇ ಅದನ್ನು ತಡೆಹಿಡಿದು, ಅದರ ಕೀಲಿಸಂಖ್ಯೆಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಬೇಕು. ಇಡೀ ಡಿಸ್ಕಿನ ಒಂದು ನಕಲು ಬೇರೆ ಕಡೆ ಇರಲೇಬೇಕು.

1953ರ ಎಂಜಿನಿಯರರು ಜಲಾಶಯ ತುಂಬಿದ ಮೇಲೆ ರಾಯ ಬಸವಣ್ಣ ಕಾಲುವೆಯ ನೆನಪು ಮಾಡಿಕೊಂಡಿದ್ದರೆ ಕಾಲುವೆ ಒಣಗಿರುತ್ತಿತ್ತು. ಗೋಡೆ ಏಳುವಾಗಲೇ ಅದಕ್ಕೆ ತೂಬು ಇಟ್ಟಿದ್ದರಿಂದ ಕೃಷ್ಣದೇವರಾಯನ ಕಾಲದ ಕಾಲುವೆಯಲ್ಲಿ ಇವತ್ತೂ ನೀರಿದೆ.